ಹೆಜ್ಜೇನನ್ನು ಹೇಗೆ ಎಣಿಸುತ್ತೀರಿ?

"ಹುಳ ಸತ್ತರೆ ಏನಾಯ್ತು ಬಿಡೋ, ಅದೇನು ಸಿಂಗಳೀಕನಾ?"

ಗಂಗಾವತಿ ಹತ್ತಿರದ ನಮ್ಮೂರಲ್ಲಿ ನೀರಿನ ಟ್ಯಾಂಕಿಗೆ ಕಟ್ಟಿದ್ದ ಹೆಜ್ಜೇನಿಗೆ ರಾತ್ರಿ ಬೆಂಕಿ ಹಚ್ಚಿದರು. ಆಗ ಗೆಳೆಯನೊಬ್ಬ ಅಂದ ಮಾತಿದು. ಅವತ್ತಿಂದ ತಲೆಯಲ್ಲೇ ಕೂತಿದೆ.

ಸಿಂಗಳೀಕ ಅಂದರೆ ನನಗೂ ಪ್ರೀತಿ. ಕಪ್ಪು ಮುಖದ ಸುತ್ತ ಬೂದು ಕೇಸರ, ಬಾಲದ ತುದಿಗೊಂದು ಕುಚ್ಚು ಇರುವ ಕೋತಿ ಅದು. ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ಕಾಡಲ್ಲಿ ಉಳಿದಿರುವುದು ಸುಮಾರು 4,000. ತಾಯಿ ಸಲಕ್ಕೆ ಒಂದೇ ಮರಿ ಹಾಕುತ್ತದೆ, ಮುಂದಿನದಕ್ಕೆ ಎರಡು-ಮೂರು ವರ್ಷ ಬೇಕು. ಹಾಗಾಗಿ ಒಂದೊಂದು ಜೀವವನ್ನೂ ಎಣಿಸಬೇಕು. ಶರಾವತಿ, ಅಘನಾಶಿನಿ ಕಣಿವೆಗಳಲ್ಲಿ ಅದರ ಹೆಸರಲ್ಲೇ ಕಾಡು ಕಾಯ್ದಿಟ್ಟಿದ್ದಾರೆ. ಒಳ್ಳೆಯ ಕೆಲಸ.

ಆದರೆ ಹೆಜ್ಜೇನನ್ನು ಎಣಿಸಬೇಕಾದ್ದು ಹುಟ್ಟಿನ, ಅಂದರೆ ಗೂಡಿನ ಲೆಕ್ಕದಲ್ಲಿ. ಒಂಟಿ ಹುಳ ಬದುಕಲ್ಲ. ಹುಟ್ಟು ಬೆಳೆಯುವುದು ರಾಣಿ ಇಡುವ ಮೊಟ್ಟೆಯಿಂದ. ಒಂದು ಹುಟ್ಟು ಸುಡುವುದೆಂದರೆ ಸಿಂಗಳೀಕದ ಇಡೀ ಗುಂಪನ್ನೇ ಕೊಂದ ಹಾಗೆ ಅಲ್ವಾ?

ಆನೆಗೊಂದಿ ಕಡೆ ಬಂಡೆಗೆ ಜೋತುಬಿದ್ದ ಹೆಜ್ಜೇನನ್ನು ದೂರದಿಂದ ಸ್ವಲ್ಪ ಹೊತ್ತು ನೋಡಿ. ಕಡಜ ಹತ್ತಿರ ಸುಳಿದರೆ ಸಾಕು, ಹುಳಗಳು ಒಂದರ ಹಿಂದೆ ಒಂದು ಹಿಂಭಾಗ ಎತ್ತುತ್ತವೆ. ಹುಟ್ಟಿನ ಈ ತುದಿಯಿಂದ ಆ ತುದಿಗೆ ಅಲೆ ಓಡುತ್ತದೆ, ಜೋಳದ ಹೊಲದ ಮೇಲೆ ಗಾಳಿ ಹೋದ ಹಾಗೆ. ಅಷ್ಟು ಸಾವಿರ ಹುಳ ಸೇರಿ ಒಂದೇ ಮೈ.

ನಮ್ಮ ಸೂರ್ಯಕಾಂತಿ ನಿಂತಿರುವುದು ಇವುಗಳ ಮೇಲೆ. ಜೇನು ಬರದ ವರ್ಷ ತೆನೆ ತುಂಬಾ ಜೊಳ್ಳು. ಅಮ್ಮ ಕೈಗೆ ಮೆತ್ತನೆ ಬಟ್ಟೆ ಸುತ್ತಿಕೊಂಡು, ಬೆಳಿಗ್ಗೆ ಬೆಳಿಗ್ಗೆ ಒಂದೊಂದೇ ಹೂವು ಸವರುತ್ತಾ ಸಾಲು ಹಿಡಿದು ಹೋಗುತ್ತಿದ್ದಳು. ಎಕರೆಗೆ ಸಾವಿರಾರು ಹೂವು. ಸಂಜೆ ಭುಜ ಎತ್ತಲು ಆಗುತ್ತಿರಲಿಲ್ಲ. ಆ ಕೆಲಸವನ್ನು ಹೆಜ್ಜೇನು ಕೂಲಿ ಕೇಳದೆ ಮಾಡುತ್ತದೆ.

ಹೆಜ್ಜೇನು ಕಚ್ಚಿ ಜನ ಸತ್ತಿದ್ದಾರೆ, ಸುಳ್ಳಲ್ಲ. ಶಾಲೆ ಪಕ್ಕ ಕಟ್ಟಿದರೆ ತಿಳಿದವರನ್ನು ಕರೆಸಿ, ಎಬ್ಬಿಸಿ. ಆದರೆ ಅಷ್ಟೆತ್ತರದ ಟ್ಯಾಂಕಿನಡಿ ಯಾರ ತಂಟೆಗೂ ಬಾರದೆ ಇದ್ದದ್ದನ್ನು ಸುಮ್ನೆ ಯಾಕೆ ಸುಟ್ಟರು? ಹೂವು ಮುಗಿದ ಮೇಲೆ ಅವೇ ಎದ್ದು ಹೋಗುತ್ತಿದ್ದವು. ಋತುವಿಗೆ ತಕ್ಕಂತೆ ವಲಸೆ ಹೋಗುವ ಜೀವ ಅದು. ಮರುವರ್ಷ ಹಳೇ ಜಾಗಕ್ಕೇ ಬರುವುದೂ ಉಂಟು.

ಅಪ್ಪ ಈಗ ಔಷಧಿ ಹೊಡೆಯುವುದು ಸಂಜೆ, ಹೂವಿನ ಮೇಲೆ ಜೇನು ಇಲ್ಲ ಅಂತ ನೋಡಿಕೊಂಡೇ. ಟ್ಯಾಂಕಿನಡಿ ಹೊಗೆಯ ಕರಿ ಹಾಗೇ ಇದೆ. ಹೊಲದಲ್ಲಿ ಮೊಗ್ಗು ಬಿರಿಯುತ್ತಿದೆ. ಆ ದಾರಿಯಲ್ಲಿ ಹೋಗುವಾಗೆಲ್ಲ ತಲೆ ಎತ್ತಿ ನೋಡುತ್ತೇನೆ. ಇನ್ನೂ ಬಂದಿಲ್ಲ.