ಬುದ್ಧಿ ಹನ್ನೆರಡರದ್ದು, ಮನಸ್ಸು ಎಂಟರದ್ದು: ವಯಸ್ಸಿಗೆ ಮೀರಿ ಯೋಚಿಸುವ ಮಕ್ಕಳ ಜೊತೆ ಹೇಗಿರಬೇಕು?

[ತೆರೆ: ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡ, ಸಾಲಾಗಿ ತಿರುಗುವ ಗಾಳಿಯಂತ್ರಗಳು]

ಮೂರನೇ ಕ್ಲಾಸಿನ ಹುಡುಗಿ ಕೇಳ್ತಾಳೆ: "ಈ ಫ್ಯಾನಿಗೆ ಮೂರೇ ರೆಕ್ಕೆ ಯಾಕೆ? ಗಾಳಿ ಬೀಸದ ದಿನ ಕರೆಂಟ್ ಎಲ್ಲಿಂದ ಬರುತ್ತೆ?" ಅದೇ ಹುಡುಗಿ ಸಂಜೆ ಪೆನ್ಸಿಲ್ ಮುರೀತು ಅಂತ ಅರ್ಧ ಗಂಟೆ ಅಳ್ತಾಳೆ. "ಇಷ್ಟೆಲ್ಲ ತಿಳಿಯುತ್ತೆ, ಇದು ತಿಳಿಯಲ್ವಾ?" ಅಂತ ಮನೆಯವರು ಗದರ್ತಾರೆ.

ನಿಜವಾಗಿಯೂ ತಿಳಿಯಲ್ಲ. ತರ್ಕ ಹನ್ನೆರಡು ವರ್ಷದವರ ಹಾಗೆ ಓಡ್ತಿರಬಹುದು. ಆದರೆ ನಿರಾಸೆ ತಡೆದುಕೊಳ್ಳೋ ಶಕ್ತಿ, ಅಕ್ಷರ ಬರೆಯೋ ಬೆರಳಿನ ಹಿಡಿತ ಎರಡೂ ಎಂಟರದ್ದೇ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲೀಟಾ ಹಾಲಿಂಗ್‌ವರ್ತ್ ಕಳೆದ ಶತಮಾನದ ಮೊದಲರ್ಧದಲ್ಲೇ ಈ ಅಂತರವನ್ನ ಗುರುತಿಸಿದ್ದರು. ಮಗು ಮಾತಾಡೋದು ಕೇಳಿ ಅದರ ವಯಸ್ಸು ಮರೆತುಬಿಡ್ತೀವಲ್ಲ, ತೊಂದರೆ ಶುರುವಾಗೋದೇ ಅಲ್ಲಿ.

[ತೆರೆ: ಅಳು ಬಂದಾಗ]

ಅಳುವಾಗ ವಾದ ಬೇಡ. ಹತ್ತು ನಿಮಿಷ ಪಕ್ಕದಲ್ಲಿ ಕೂತಿರಿ, ನೀರು ಕೊಡಿ. ಉಸಿರು ಸಮ ಆದ ಮೇಲೆ ಒಂದೇ ಪ್ರಶ್ನೆ ಕೇಳಿ: "ಯಾವುದಕ್ಕೆ ಜಾಸ್ತಿ ಸಿಟ್ಟು ಬಂತು?" ಎಷ್ಟೋ ಸಲ ಕಾರಣ ಪೆನ್ಸಿಲ್ ಆಗಿರಲ್ಲ. ತಲೆಯಲ್ಲಿದ್ದ ಚಿತ್ರ ಕೈಯಲ್ಲಿ ಹಾಗೇ ಬರಲಿಲ್ಲ ಅನ್ನೋ ಸಂಕಟ ಅದು. ಬರೆದು ಬರೆದು ಸುಸ್ತಾಗೋ ಮಗುವಿಗೆ ಉತ್ತರ ಬಾಯಲ್ಲಿ ಹೇಳೋಕೆ ಬಿಡಿ, ನೀವು ಬರೆದುಕೊಳ್ಳಿ.

[ತೆರೆ: ಸುಲಭವಾಗಿ ಬಂದ ನೂರಕ್ಕೆ ನೂರು]

ಪೋಷಕರು ಚಿಂತೆ ಮಾಡದ, ಆದರೆ ಮಾಡಲೇಬೇಕಾದ ವಿಷಯ ಇದು. ಏಳನೇ ಕ್ಲಾಸಿನವರೆಗೆ ಓದದೆಯೇ ಮೊದಲ ಸ್ಥಾನ ತಗೊಂಡ ಮಗುವಿಗೆ ಕಷ್ಟಪಟ್ಟು ಕಲಿಯೋ ಅಭ್ಯಾಸವೇ ಬಿದ್ದಿರಲ್ಲ. ಒಂಬತ್ತನೇ ಕ್ಲಾಸಿನ ಗಣಿತ ಒಂದೇಟಿಗೆ ಅರ್ಥವಾಗದೆ ಹೋದಾಗ ಅದು "ನಾನು ದಡ್ಡ" ಅಂದುಕೊಳ್ಳುತ್ತೆ. ಪುಸ್ತಕ ಮುಟ್ಟೋದನ್ನೇ ಬಿಡುತ್ತೆ.

ಅದಕ್ಕೇ ಈಗಿನಿಂದಲೇ ವಾರಕ್ಕೆ ಮೂರು ದಿನ, 20 ನಿಮಿಷ, ಅರ್ಧದಷ್ಟು ತಪ್ಪಾಗುವಂಥ ಕೆಲಸ ಕೊಡಿ. ಚೆಸ್ ಆಗಬಹುದು, ತಬಲಾ ಆಗಬಹುದು, ಎರಡು ಕ್ಲಾಸ್ ಮುಂದಿನ ಲೆಕ್ಕವೂ ಆಗಬಹುದು. ಉತ್ತರ ನೀವು ಹೇಳಬೇಡಿ. ಎಲ್ಲ ಸರಿ ಬರ್ತಿದ್ರೆ ಇನ್ನೂ ಕಷ್ಟದ್ದು ಕೊಡಿ, ಎಲ್ಲ ತಪ್ಪಾದರೆ ಒಂದು ಮೆಟ್ಟಿಲು ಇಳಿಸಿ.

ಹೊಗಳೋ ರೀತಿಯನ್ನೂ ಬದಲಿಸಿ. 1998ರಲ್ಲಿ ಮನಶ್ಶಾಸ್ತ್ರಜ್ಞರಾದ ಮ್ಯೂಲರ್ ಮತ್ತು ಡ್ವೆಕ್ ಪ್ರಕಟಿಸಿದ ಅಧ್ಯಯನದಲ್ಲಿ ಐದನೇ ಕ್ಲಾಸಿನ ಮಕ್ಕಳಲ್ಲಿ ಕೆಲವರ ಬುದ್ಧಿಯನ್ನ, ಕೆಲವರ ಶ್ರಮವನ್ನ ಹೊಗಳಿದರು. ಒಮ್ಮೆ ಸೋತ ಮೇಲೆ ಬುದ್ಧಿಯ ಹೊಗಳಿಕೆ ಸಿಕ್ಕ ಮಕ್ಕಳು ಬೇಗ ಕೈಚೆಲ್ಲಿದರು, ಅವರ ಅಂಕವೂ ಇಳೀತು. "ಎಷ್ಟು ಜಾಣೆ ನೀನು" ಅನ್ನೋ ಬದಲು "ಆ ದಾರಿ ಬಿಟ್ಟು ಈ ದಾರಿ ಯಾಕೆ ಹಿಡಿದೆ?" ಅಂತ ಕೇಳಿ. ಮನೆಗೆ ಬಂದವರ ಮುಂದೆ ನಿಲ್ಲಿಸಿ ಮಗ್ಗಿ ಹೇಳಿಸೋದು, ಅಣ್ಣನ ಮಾರ್ಕ್ಸ್ ಜೊತೆ ಹೋಲಿಸೋದು ದಯವಿಟ್ಟು ನಿಲ್ಲಿಸಿ.

[ತೆರೆ: ವಾಣಿವಿಲಾಸ ಸಾಗರ]

ಈ ಮಕ್ಕಳಿಗೆ ದೊಡ್ಡವರ ಚಿಂತೆ ಬೇಗ ಅಂಟುತ್ತೆ. "ಬೋರ್ ಬತ್ತಿ ಹೋದ್ರೆ ತೋಟ ಏನಾಗುತ್ತೆ?" ಅಂತ ಜಗಳೂರಿನ ಹುಡುಗ ರಾತ್ರಿ ಎದ್ದು ಕೂತರೆ "ನಿನಗ್ಯಾಕೆ ಅದೆಲ್ಲ" ಅನ್ನಬೇಡಿ. ಚಿಂತೆ ಹೋಗಲ್ಲ, ನಿಮಗೆ ಹೇಳೋದು ಮಾತ್ರ ನಿಲ್ಲುತ್ತೆ. ಮಾಹಿತಿ ಕೊಡಿ, ಜೊತೆಗೊಂದು ಕೆಲಸ ಕೊಡಿ. ವಾಣಿವಿಲಾಸ ಸಾಗರ, ಅಂದರೆ ಮಾರಿಕಣಿವೆ ಅಣೆಕಟ್ಟು, 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಇದನ್ನ ಹೇಳಿ, ಪತ್ರಿಕೆಯಲ್ಲಿ ಬರೋ ನೀರಿನ ಮಟ್ಟ ನೋಡಿ ಗ್ರಾಫ್ ಹಾಳೆಯಲ್ಲಿ ಗುರುತು ಹಾಕಿಸಿ. ಇಂಥ ಪ್ರಶ್ನೆಗಳಿಗೆ ಊಟಕ್ಕೆ ಮುಂಚೆ 15 ನಿಮಿಷ ಮೀಸಲಿಡಿ. ಮಲಗೋ ಹೊತ್ತಲ್ಲಿ ಹೊಳೆದದ್ದು ನೋಟ್‌ಬುಕ್‌ಗೆ ಹೋಗಲಿ, ಮರುದಿನ ತಪ್ಪದೆ ಅದನ್ನ ತೆಗೆದು ಮಾತಾಡಿ.

ಗೆಳೆಯರ ವಿಚಾರ ಅಷ್ಟು ಜಟಿಲ ಅಲ್ಲ. ಲಗೋರಿಗೆ ಓಣಿಯ ಓರಗೆಯವರು, ಚೆಸ್‌ಗೆ ಹೈಸ್ಕೂಲಿನ ಅಕ್ಕ. ಎರಡೂ ಗೆಳೆತನವೇ.

[ತೆರೆ: ನವೋದಯ ಪರೀಕ್ಷೆ]

ನವೋದಯ ಅಂದರೆ ಕೇಂದ್ರ ಸರ್ಕಾರದ ವಸತಿ ಶಾಲೆ. ದಾವಣಗೆರೆ ಜಿಲ್ಲೆಯದ್ದು ಚನ್ನಗಿರಿ ತಾಲೂಕಲ್ಲಿದೆ, ಚಿತ್ರದುರ್ಗದ್ದು ಹಿರಿಯೂರು ತಾಲೂಕಲ್ಲಿ. ಆರನೇ ಕ್ಲಾಸಿನ ಪ್ರವೇಶ ಪರೀಕ್ಷೆ 100 ಅಂಕದ್ದು, ಅದರಲ್ಲಿ 50 ಮಾನಸಿಕ ಸಾಮರ್ಥ್ಯಕ್ಕೆ. ಬರೆಯೋಕೆ ಒಂದೇ ಅವಕಾಶ. ಹೀಗಾಗಿ ಹತ್ತು ವರ್ಷದ ಮಗುವಿನ ಮೇಲೆ ಇಡೀ ಮನೆಯ ಆಸೆ ಕೂರುತ್ತೆ. ಕಥೆ ಕಟ್ಟೋ ಶಕ್ತಿಯನ್ನ, ಸಂಗೀತವನ್ನ ಆ ಪ್ರಶ್ನೆಪತ್ರಿಕೆ ಅಳೆಯಲ್ಲ ಅನ್ನೋದನ್ನ ಫಲಿತಾಂಶ ಬರೋ ಮೊದಲೇ ಮಗುವಿಗೆ ಹೇಳಿ.

ಸೀಟು ಸಿಕ್ಕರೆ ಮುಂದಿನದು ಹಾಸ್ಟೆಲ್. ಲೆಕ್ಕದಲ್ಲಿ ಮುಂದಿದ್ದರೂ ಅಮ್ಮನ ಪಕ್ಕವೇ ಮಲಗೋ ಮಗು ಅದು. ಹೋಗೋಕೆ ಎರಡು ತಿಂಗಳ ಮೊದಲೇ ತನ್ನ ಬಟ್ಟೆ ತಾನೇ ಒಗೆಯೋದು ಕಲಿಸಿ. ಮೊದಲು ಒಂದು ರಾತ್ರಿ, ಆಮೇಲೆ ಮೂರು ರಾತ್ರಿ ಅಜ್ಜಿ ಮನೆಯಲ್ಲಿ ಬಿಡಿ. ಮೊದಲ ವಾರಗಳಲ್ಲಿ ಫೋನಲ್ಲಿ ಅತ್ತರೆ "ಅಳಬೇಡ" ಅನ್ನೋದಕ್ಕಿಂತ "ನಮಗೂ ನಿನ್ನ ನೆನಪಾಗುತ್ತೆ. ಇವತ್ತು ಯಾರ ಜೊತೆ ಊಟಕ್ಕೆ ಕೂತೆ?" ಅಂತ ಕೇಳಿ.

[ತೆರೆ: ಟೆಲಿ ಮಾನಸ್ 14416]

ಎರಡು ವಾರ ದಾಟಿದರೂ ನಿದ್ದೆ, ಊಟ ಸರಿ ಇಲ್ಲದಿದ್ದರೆ, ಇಷ್ಟದ ಕೆಲಸವೂ ಬೇಡ ಅಂದರೆ, ಶಾಲೆ ಅಂದ ಕೂಡಲೇ ಹೊಟ್ಟೆನೋವು ಬರ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಯೋ ಮಾತಾಡಿದರೆ ಎರಡು ವಾರ ಕಾಯಬೇಡಿ, ಅವತ್ತೇ ಕರೆ ಮಾಡಿ. ಮಾತಲ್ಲಿ ಚುರುಕಾಗಿದ್ದೂ ಓದೋಕೆ ತಡವರಿಸೋ ಮಗುವಾದರೆ ಅದನ್ನೂ ವೈದ್ಯರಿಗೆ ಹೇಳಿ: ಬುದ್ಧಿಯೂ ಕಲಿಕೆಯ ತೊಡಕೂ ಒಂದೇ ಮಗುವಿನಲ್ಲಿ ಇರಬಹುದು, ಆಗ ಎರಡೂ ಒಂದನ್ನೊಂದು ಮುಚ್ಚಿಡುತ್ತವೆ.