ಕೆಂಚಿ ಜೊತೆ ಊರು ಹುಡುಕುತ್ತಾ: ಸಕಲೇಶಪುರದಿಂದ ಧಾರವಾಡದವರೆಗೆ

ಬೆಂಗಳೂರು ಬಿಡುವುದು ಅಂತ ನಾನೂ ನಮ್ಮವರೂ ತೀರ್ಮಾನ ಮಾಡಿ ಆಗಿದೆ. ಎಲ್ಲಿಗೆ ಹೋಗುವುದು ಅನ್ನುವುದು ಮಾತ್ರ ಇನ್ನೂ ಗೊತ್ತಿಲ್ಲ. ಇಬ್ಬರದ್ದೂ ಮನೆಯಿಂದ ಮಾಡುವ ಕೆಲಸ. ನೆಟ್ ಬಂದರೆ ಸಾಕು, ಊರು ಯಾವುದಾದರೂ ಸರಿ. ಹಾಗಾಗಿ ಕಾರು ತೆಗೆದುಕೊಂಡು ಊರು ನೋಡಲು ಹೊರಟಿದ್ದೇವೆ. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿರುವವಳು ಕೆಂಚಿ, ನಮ್ಮ ನಾಯಿ. ನಮ್ಮ ಬೀದಿಯಲ್ಲೇ ಹುಟ್ಟಿದವಳು. ಕೆಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು.

ನಾಯಿ ಜೊತೆ ಕಾರಿನಲ್ಲಿ ಹೋಗುವುದು ಹೇಗೆ ಅಂತ ತುಂಬಾ ಜನ ಕೇಳಿದ್ದೀರಿ. ಬೇಗ ಹೇಳಿ ಮುಗಿಸುತ್ತೇನೆ. ಹೊರಡುವ ಮುಂಚೆ ಹೊಟ್ಟೆ ತುಂಬಾ ಊಟ ಹಾಕುವುದಿಲ್ಲ, ಘಾಟಿಯಲ್ಲಿ ವಾಂತಿ ಗ್ಯಾರಂಟಿ. ಎರಡು ಗಂಟೆಗೊಮ್ಮೆ ನಿಲ್ಲಿಸಿ ನೀರು ಕೊಡುತ್ತೇವೆ, ಸ್ವಲ್ಪ ಓಡಾಡಿಸುತ್ತೇವೆ. ಎದೆಗೆ ಹಾಕುವ ಬೆಲ್ಟನ್ನು ಸೀಟಿಗೆ ಕಟ್ಟಿರುತ್ತೇವೆ. ರೇಬೀಸ್ ಲಸಿಕೆಯ ಪುಸ್ತಕ ಕೈಗೆ ಸಿಗುವ ಜಾಗದಲ್ಲಿ ಇರುತ್ತದೆ. ಗಾಜು ಏರಿಸಿ ನಾಯಿಯನ್ನು ಒಳಗೆ ಬಿಟ್ಟು ತಿಂಡಿಗೆ ಮಾತ್ರ ಹೋಗಬೇಡಿ. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಕಾವೇರಲು ಹತ್ತು ನಿಮಿಷ ಸಾಕು. ನಾವು ಸರದಿಯಲ್ಲಿ ತಿನ್ನುತ್ತೇವೆ. ಗಂಡ ಹೆಂಡತಿ ಎದುರುಬದುರು ಕೂತು ಮಸಾಲೆ ದೋಸೆ ತಿಂದು ಎಷ್ಟು ಕಾಲ ಆಯಿತೋ!

ಈಗ ವಿಷಯಕ್ಕೆ ಬರುತ್ತೇನೆ. ಜಾಗ ತೋರಿಸುವ ಬ್ರೋಕರ್‌ಗಳು ನಿಮ್ಮನ್ನು ಕರೆದುಕೊಂಡು ಹೋಗುವುದು ಬೆಳಿಗ್ಗೆ ಹನ್ನೊಂದಕ್ಕೆ. ಒಳ್ಳೇ ಬಿಸಿಲು, ಖಾಲಿ ರಸ್ತೆ, ದೂರದಲ್ಲಿ ಗುಡ್ಡ. ಎಲ್ಲ ಊರೂ ಆ ಹೊತ್ತಿಗೆ ಚಂದವೇ. ಆದರೆ ನಾಯಿ ಇದ್ದರೆ ಬೆಳಿಗ್ಗೆ ಐದೂವರೆಗೆ, ರಾತ್ರಿ ಹತ್ತಕ್ಕೆ ಬೀದಿಗೆ ಇಳಿಯಲೇಬೇಕು. ಕಸ ಎಲ್ಲಿ ಸುಡುತ್ತಾರೆ, ಬೀದಿ ದೀಪ ಎಲ್ಲಿಗೆ ಮುಗಿಯುತ್ತದೆ, ಹೊಸಬರನ್ನು ಕಂಡರೆ ಜನ ಏನು ಮಾಡುತ್ತಾರೆ, ಎಲ್ಲಾ ಆ ಹೊತ್ತಿನಲ್ಲೇ ಗೊತ್ತಾಗುವುದು.

ಸಕಲೇಶಪುರ ಹಾಗೇ ಬೇಗ ಮುಗಿಯಿತು. ಬೆಳಿಗ್ಗೆ ಚೈನ್ ಹಿಡಿದು ಹೊರಟರೆ ಹೋಮ್‌ಸ್ಟೇಯ ಹುಡುಗ ಗೇಟಲ್ಲೇ ತಡೆದ. ‘ಅಕ್ಕ, ಕೆಳಗಿನ ತೋಟದಲ್ಲಿ ಆನೆ ಇದೆ, ಏಳು ಗಂಟೆ ಆಗಲಿ’ ಅಂದ. ಸಕಲೇಶಪುರ, ಆಲೂರು ಕಡೆ ಕಾಫಿ ತೋಟದೊಳಗೆ ಆನೆ ಇರುವುದು ಹೊಸ ಸುದ್ದಿ ಅಲ್ಲ. ನಾನು ಯೋಚಿಸದೇ ಇದ್ದದ್ದನ್ನು ಅವನು ಹೇಳಿದ. ನಾಯಿ ಆನೆಯನ್ನು ನೋಡಿ ಬೊಗಳುತ್ತದೆ, ಆನೆ ಅಟ್ಟಿಸಿಕೊಂಡು ಬರುತ್ತದೆ, ಆಗ ನಾಯಿ ಓಡಿ ಬರುವುದು ನಮ್ಮ ಕಾಲ ಹತ್ತಿರಕ್ಕೇ. ತೋಟದ ಕೆಲಸದವರು ದಿನಾ ಇದೇ ಭಯದಲ್ಲಿ ನಡೆದು ಹೋಗುತ್ತಾರೆ. ನಾವು ಮಾತ್ರ ‘ವ್ಯೂ ಪಾಯಿಂಟ್ ಎಲ್ಲಿದೆ’ ಅಂತ ಕೇಳುತ್ತೇವೆ.

ಕೊಪ್ಪದ ಹತ್ತಿರ ಒಂದು ಹಳೇ ಹೆಂಚಿನ ಮನೆ ಮನಸ್ಸಿಗೆ ಬಂತು. ಪಕ್ಕದ ಮನೆ ಯಜಮಾನರು ಕೆಂಚಿಯನ್ನು ನೋಡಿ ಮೊದಲು ಕೇಳಿದ್ದು, ‘ರಾತ್ರಿ ಎಲ್ಲಿ ಕಟ್ತೀರಿ?’ ಚಿರತೆ ಬಂದು ಜಗಲಿಯಲ್ಲಿ ಕಟ್ಟಿದ ನಾಯಿಯನ್ನೇ ಎತ್ತಿಕೊಂಡು ಹೋಗುತ್ತದಂತೆ. ‘ಬೆಳಿಗ್ಗೆ ನೋಡಿದ್ರೆ ಚೈನ್ ಒಂದೇ ಇರ್ತದೆ ಮಾರಾಯ್ರೆ’ ಅಂದರು, ಹವಾಮಾನ ವರದಿ ಹೇಳಿದಷ್ಟು ತಣ್ಣಗೆ. ಅವರ ಮನೆಯ ಎರಡು ನಾಯಿಗಳೂ ಕತ್ತಲಾದ ಮೇಲೆ ಗೂಡಿನೊಳಗೆ. ಕೆಂಚಿ ಹೇಗೂ ನಮ್ಮ ಮಂಚದ ಕೆಳಗೇ ಮಲಗುವವಳು, ಆ ಚಿಂತೆ ಇಲ್ಲ. ಆದರೆ ಆ ಮನೆಯಲ್ಲಿ ಯಾವ ಸಿಮ್ಮಿಗೂ ಸಿಗ್ನಲ್ ಇರಲಿಲ್ಲ. ನಮ್ಮವರು ಫೋನ್ ಹಿಡಿದು ಅಡಿಕೆ ಅಂಗಳವೆಲ್ಲ ಸುತ್ತಿದರು. ಕೊನೆಗೆ ದನದ ಕೊಟ್ಟಿಗೆಯ ಮೂಲೆಯಲ್ಲಿ ಒಂದು ಕಡ್ಡಿ ಬಂತು. ಕೊಟ್ಟಿಗೆಯಲ್ಲಿ ಕೂತು ಮೀಟಿಂಗ್ ಮಾಡುವ ಧೈರ್ಯ ಅವರಿಗಿಲ್ಲ.

ಸಾಗರದಲ್ಲಿ ಅಂದುಕೊಂಡಿದ್ದಕ್ಕಿಂತ ಜಾಸ್ತಿ ದಿನ ನಿಂತೆವು. ನನಗೆ ಸಾಗರ ಯಾಕೆ ಇಷ್ಟ ಅಂದರೆ, ಪೇಟೆ ಇದೆ, ಆದರೆ ಗದ್ದಲ ಇಲ್ಲ. ಶ್ರೀಗಂಧದ ಕೆತ್ತನೆ ಮಾಡುವ ಗುಡಿಗಾರರಿದ್ದಾರೆ. ತಾಳಗುಪ್ಪದಿಂದ ಬರುವ ರೈಲು ಸಿಗುತ್ತದೆ. ಹತ್ತಿರದಲ್ಲೇ ಹೆಗ್ಗೋಡು. 1949ರಲ್ಲಿ ಅಷ್ಟು ಚಿಕ್ಕ ಹಳ್ಳಿಯಲ್ಲಿ ನೀನಾಸಂ ನಾಟಕ ಸಂಸ್ಥೆ ಶುರುವಾಯಿತು, 1991ರಲ್ಲಿ ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸಂಜೆ ನಾಟಕ ನೋಡಿ ಸೈಕಲ್ ಹತ್ತಿ ಮನೆಗೆ ಹೋಗುವ ಜನ ಇರುವ ಜಾಗ ಅಂದರೆ ಯಾರಿಗೆ ಬೇಡ?

ಆದರೆ ಕೆಂಚಿಗೆ ಮೊದಲ ಬೆಳಿಗ್ಗೆಯೇ ಭಯ ಹತ್ತಿತು. ಏಳು ಗಂಟೆಗೆ ಢಮ್ ಅಂತ ಒಂದು ಸದ್ದು. ಆಮೇಲೆ ಇನ್ನೊಂದು. ಅಡಿಕೆ, ಬಾಳೆ ತೋಟಕ್ಕೆ ಬರುವ ಮಂಗಗಳನ್ನು ಓಡಿಸಲು ಗರ್ನಾಲು ಹೊಡೆಯುತ್ತಾರೆ. ನಮಗೆ ದೀಪಾವಳಿ ವರ್ಷಕ್ಕೊಮ್ಮೆ, ಇಲ್ಲಿಯ ನಾಯಿಗಳಿಗೆ ದಿನಾ. ಊರ ನಾಯಿಗಳು ಕಿವಿಯನ್ನೂ ಅಲ್ಲಾಡಿಸಲಿಲ್ಲ. ನಮ್ಮವಳು ಕಾರಿನ ಕೆಳಗೆ ಹೋಗಿ ಸೇರಿಕೊಂಡವಳು ದೋಸೆ ತೋರಿಸಿದರೂ ಹೊರಗೆ ಬರಲಿಲ್ಲ.

ಮಂಗದಿಂದ ಇನ್ನೊಂದು ಮಾತು ಬಂತು, ಉಣುಗು, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ. ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಡಲ್ಲಿ ಮಂಗಗಳು ಸಾಯುತ್ತವೆ, ಉಣುಗು ಕಚ್ಚಿದ ಮನುಷ್ಯರಿಗೆ ಜ್ವರ ಬರುತ್ತದೆ. 2019ರ ಹೊತ್ತಿಗೆ ಇದೇ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಜನ ಸತ್ತರು. ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಜಾಸ್ತಿ ಹುಷಾರಾಗಿರಬೇಕು. ದರಕಿನಲ್ಲಿ, ಅಂದರೆ ಉದುರಿದ ಒಣ ಎಲೆಯಲ್ಲಿ, ಓಡಾಡಿ ಬಂದ ನಾಯಿ ಮೈಯಲ್ಲಿ ಉಣುಗು ಹೊತ್ತುಕೊಂಡು ಸೀದಾ ಹಾಸಿಗೆಗೆ ಬರಬಹುದು. ಈಗ ಪ್ರತಿ ವಾಕಿಂಗ್ ಆದ ಮೇಲೂ ಕಿವಿ ಒಳಗೆ, ಬೆರಳ ಸಂದಿಯಲ್ಲಿ, ಬೆಲ್ಟಿನ ಕೆಳಗೆ ಹುಡುಕುತ್ತೇವೆ. ಉಣುಗಿನ ಮಾತ್ರೆಯೂ ಕೊಡುತ್ತೇವೆ. ಕಾಡಂಚಿನ ಮನೆ ಬೇಕು ಅನ್ನುವವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ಜಮೀನಿನ ವಿಷಯ. ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಮುಂಚೆ ಆ ಕಾಯ್ದೆಯ 79ಎ, 79ಬಿ ಕಲಂಗಳು ಅಡ್ಡ ಇದ್ದವು. ನಮಗೆ ಅನುಕೂಲವೇ ಆಗಿದೆ. ಆದರೂ ನನಗೆ ಒಳಗೊಳಗೇ ಮುಜುಗರ. ನಮ್ಮಂಥವರು ನಗರದ ದುಡ್ಡು ಹಿಡಿದು ಬಂದರೆ ಊರಿನ ಹುಡುಗ ಎಲ್ಲಿ ಕೊಳ್ಳಬೇಕು? ಕೊಳ್ಳುವವರು ಪಹಣಿ ನೋಡಿ ಸುಮ್ಮನಾಗಬೇಡಿ. ಪೋಡಿ (ಅಳತೆ ಮಾಡಿ ಪಾಲು ಬೇರೆ ಮಾಡುವುದು) ಆಗಿದೆಯಾ, ಸರ್ಕಾರ ಮಂಜೂರು ಮಾಡಿದ ಜಮೀನಾ, ಸುತ್ತ ಅರಣ್ಯದ ಗಡಿ ಎಲ್ಲಿ ಅಂತ ಕೇಳಿ.

ಶರಾವತಿ ಹಿನ್ನೀರಿನ ಕಡೆಗೂ ಹೋಗಿದ್ದೆವು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಓಡಾಟಕ್ಕೆ ತೆರೆದಿದೆ. ಮುಂಚೆ ಕಾರನ್ನೂ ಲಾಂಚಿಗೆ ಹತ್ತಿಸಿಯೇ ದಾಟಬೇಕಿತ್ತು. ಈಗ ಬ್ರೋಕರ್‌ಗಳು ‘ಲೇಕ್ ವ್ಯೂ’ ಅನ್ನುತ್ತಿದ್ದಾರೆ. ಟೀ ಅಂಗಡಿಯಲ್ಲಿ ಒಬ್ಬ ಅಜ್ಜ ಕೆಂಚಿಗೆ ಬಿಸ್ಕತ್ತು ಹಾಕುತ್ತಾ ನಮ್ಮನ್ನು ವಿಚಾರಿಸಿದರು. ‘ಜಾಗ ಹುಡುಕ್ಲಿಕ್ಕೆ ಬಂದಿದ್ರಾ? ನಮ್ಮನ್ನ ಲಾರೀಲಿ ತಂದು ಇಳಿಸಿದ್ರು.’ 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಆದಾಗ ಮುಳುಗಡೆಯಾದ ಮನೆ ಅವರದ್ದು. ನಾಡಿಗೆಲ್ಲ ಕರೆಂಟು ಕೊಟ್ಟ ಆ ಜನರಲ್ಲಿ ಎಷ್ಟೋ ಕುಟುಂಬಗಳು ಇವತ್ತಿಗೂ ಹಕ್ಕುಪತ್ರಕ್ಕೆ ಓಡಾಡುತ್ತಿವೆ. ‘ನಾಯಿ ಏನಾಯ್ತು ಅಜ್ಜ, ಆಗ?’ ಅಂತ ನಮ್ಮವರು ಕೇಳಿದರು. ‘ಲಾರಿ ಹಿಂದೆ ಸುಮಾರು ದೂರ ಓಡಿ ಬಂತು’ ಅಂದರು. ಮುಂದೆ ಹೇಳಲಿಲ್ಲ, ನಾವೂ ಕೇಳಲಿಲ್ಲ. ಹಿನ್ನೀರಿನ ಪಕ್ಕದ ಜಾಗ ನೋಡದೆ ವಾಪಸ್ ಬಂದೆವು.

ಶಿರಸಿ ಬಗ್ಗೆ ಒಂದೇ ಮಾತು. ಊರು ಚೆನ್ನಾಗಿದೆ, ಊಟ ಇನ್ನೂ ಚೆನ್ನಾಗಿದೆ, ರೈಲು ಇಲ್ಲ. ತೋಟದ ಜೊತೆ ‘ಬೆಟ್ಟ’ವೂ ಬರುತ್ತದೆ ಅಂತ ಯಾರಾದರೂ ಹೇಳಿದರೆ ತಿಳಿದುಕೊಳ್ಳಿ: ಅದು ಸೊಪ್ಪಿನ ಬೆಟ್ಟ. ತೋಟಕ್ಕೆ ಸೊಪ್ಪು, ದರಕು ತರುವ ಹಕ್ಕು ಅಷ್ಟೇ. ಅಲ್ಲಿ ಮನೆ ಕಟ್ಟುವ ಕನಸು ಬೇಡ.

ಕರಾವಳಿಗೆ ಇಳಿದೆವು, ಬೇಗ ಹತ್ತಿದೆವು. ಮರವಂತೆಯಲ್ಲಿ ಹೈವೇಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ಕೆಂಚಿ ಅಲೆಗೆ ಬೊಗಳಿ ಬೊಗಳಿ ಸುಸ್ತಾದಳು. ಆದರೆ ಆ ಸೆಖೆಯಲ್ಲಿ ಮಧ್ಯಾಹ್ನ ಪೂರ್ತಿ ನಾಲಿಗೆ ಹೊರಗೆ. ನನ್ನದೂ ಅದೇ ಕಥೆ.

ಧಾರವಾಡದ ಬಗ್ಗೆ ನಮ್ಮವರು ಮಾತಾಡಬೇಕಿತ್ತು, ಅವರಿಗೆ ಗಂಟಲು ಕೆಟ್ಟಿದೆ. ಅವರ ಪರವಾಗಿ ನಾನೇ ಹೇಳುತ್ತೇನೆ. ಬೆಳಿಗ್ಗೆ ಕೆಲಗೇರಿ ಕೆರೆ ಕಡೆ ವಾಕಿಂಗ್ ಹೋದರೆ ಪ್ರತಿಯೊಬ್ಬರೂ ನಿಲ್ಲಿಸಿ ಮಾತಾಡಿಸುತ್ತಾರೆ. ‘ಯಾವ ಊರ್ರೀ? ನಾಯಿ ಭಾಳ ಚಲೋ ಐತಲ್ರೀ. ಬರ್ರಿ, ಚಾ ಕುಡ್ಯೂಣು.’ ಬೀದಿ ನಾಯಿ ಅಂತ ಮೂಗು ಮುರಿದವರು ಒಬ್ಬರೂ ಇಲ್ಲ. ಹುಬ್ಬಳ್ಳಿಗೆ ಹೋಗಲು ‘ಚಿಗರಿ’ ಹೆಸರಿನ ಬಸ್ಸಿದೆ. ಪಶುವೈದ್ಯರು, ದೊಡ್ಡ ಆಸ್ಪತ್ರೆ, ರೈಲು, ಎಲ್ಲವೂ ಕೈಗೆಟುಕುತ್ತವೆ. ಕೊರತೆ ನೀರಿನದ್ದು. ಸವದತ್ತಿಯಿಂದ ಮಲಪ್ರಭಾ ನೀರು ಬರಬೇಕು. ಕೆಲವು ಬಡಾವಣೆಗೆ ದಿನವಿಡೀ ಬರುತ್ತದೆ, ಉಳಿದವರು ನಲ್ಲಿ ಯಾವಾಗ ಬರುತ್ತದೆ ಅಂತ ಕಾಯುತ್ತಾರೆ. ಎರಿ ಮಣ್ಣಿನ, ಅಂದರೆ ಕಪ್ಪು ಮಣ್ಣಿನ ಸೈಟಾದರೆ ಗೋಡೆ ಬಿರುಕು ಬಿಡುತ್ತದೆ, ಪಾಯ ಗಟ್ಟಿ ಹಾಕಬೇಕು.

ಹಾಗಾಗಿ ಮನೆಯಲ್ಲಿ ಈಗ ಎರಡು ಪಾರ್ಟಿ. ಅವರದ್ದು ಧಾರವಾಡ, ನನ್ನದು ಸಾಗರ. ಈಗಲೇ ಏನೂ ಕೊಳ್ಳುವುದಿಲ್ಲ ಅಂತ ಒಪ್ಪಂದ ಆಗಿದೆ. ಜೂನ್‌ನಿಂದ ಒಂದು ಮಳೆಗಾಲ ಸಾಗರದಲ್ಲಿ ಬಾಡಿಗೆಗೆ ಇರುತ್ತೇವೆ. ಕರೆಂಟು ಹೋಗಲಿ, ಬಟ್ಟೆ ಒಣಗದೆ ಇರಲಿ, ಇಂಬಳ (ಜಿಗಣೆ) ಕಚ್ಚಲಿ, ಆಮೇಲೂ ನಾನು ಸಾಗರ ಅಂತಲೇ ಹೇಳಿದರೆ ಅವರು ಒಪ್ಪುತ್ತಾರಂತೆ. ಇಲ್ಲವಾದರೆ ಧಾರವಾಡ.

ಬಾಡಿಗೆ ಮನೆ ಹುಡುಕುವುದು ಶುರುವಾಗಿದೆ. ‘ನಾಯಿ ಇದೆ’ ಅಂದ ತಕ್ಷಣ ಫೋನ್ ಇಡುತ್ತಿದ್ದಾರೆ. ಪೇಟೆಯಿಂದ ಸ್ವಲ್ಪ ಹೊರಗೆ, ಬಾವಿ ಇರುವ, ಗರ್ನಾಲಿನ ಸದ್ದು ಕಮ್ಮಿ ಇರುವ ಮನೆ ಯಾರಿಗಾದರೂ ಗೊತ್ತಿದ್ದರೆ ಹೇಳಿ. ಮನೆ ಚಿಕ್ಕದಾದರೂ ಪರವಾಗಿಲ್ಲ, ಮಂಚದ ಕೆಳಗೆ ಜಾಗ ಇರಬೇಕು.