ಬುಟ್ಟಿಯೊಳಗೆ ಬೆಳೆಯುವ ದ್ರಾಕ್ಷಿ

ಎಲ್ಲರಿಗೂ ನಮಸ್ಕಾರ. ಮುಂದಿರುವ ವೈನ್ ಗ್ಲಾಸನ್ನು ಈಗಲೇ ಎತ್ತಬೇಡಿ. ಫ್ರಿಜ್‌ನಿಂದ ಈಗಷ್ಟೇ ತೆಗೆದದ್ದು, ಸ್ವಲ್ಪ ಹೊತ್ತು ಇರಲಿ. ಮೊದಲ ಸಲ ನಾನು ಎಡವಿದ್ದು ಅಲ್ಲೇ. ಕೊರೆಯುವಷ್ಟು ತಣ್ಣಗಿದ್ದದ್ದನ್ನು ಬರೀ ಹೊಟ್ಟೆಗೆ ಕುಡಿದೆ, ಹುಳಿ ಬಿಟ್ಟು ಬೇರೇನೂ ಗೊತ್ತಾಗಲಿಲ್ಲ. ಇದಕ್ಕೆ ಇಷ್ಟು ದುಡ್ಡಾ ಅಂತ ಬೈದುಕೊಂಡು ಬಿರಡೆ ಹಾಕಿಟ್ಟೆ. ಮಾರನೇ ದಿನ ಕಾಣೆ ರವಾ ಫ್ರೈ ಜೊತೆ ಅದೇ ಬಾಟಲಿ ತೆಗೆದರೆ ಬೇರೆ ವೈನೇ ಅನ್ನಿಸಿತು!

ಈ ವೈನ್ ಮಾಡುವ ದ್ರಾಕ್ಷಿಯ ಹೆಸರು ಅಸೀರ್ತಿಕೊ. ಊರು ಗ್ರೀಸ್‌ನ ಸ್ಯಾಂಟೊರಿನಿ ದ್ವೀಪ. ಹೌದು, ಬಿಳಿ ಮನೆ, ನೀಲಿ ಗುಮ್ಮಟ, ಹನಿಮೂನ್ ಫೋಟೊಗಳ ಅದೇ ಊರು. ಸುಮಾರು 3,600 ವರ್ಷಗಳ ಹಿಂದೆ ಅಲ್ಲಿ ಜ್ವಾಲಾಮುಖಿ ಸಿಡಿದು ದ್ವೀಪದ ನಡುಭಾಗವೇ ಕುಸಿದುಹೋಯಿತು. ಉಳಿದದ್ದು ಬೂದಿ, ಹಗುರ ಕಲ್ಲು, ಮರಳು. ಮಳೆ ಕಡಿಮೆ, ಬಿಸಿಲು ಜಾಸ್ತಿ, ಬೇಸಿಗೆಯಲ್ಲಿ ಮೆಲ್ತೆಮಿ ಅನ್ನೋ ಗಾಳಿ ಬಿಡುವಿಲ್ಲದೆ ಬೀಸುತ್ತದೆ.

ಅಲ್ಲಿ ಬಳ್ಳಿಗೆ ಚಪ್ಪರ ಹಾಕಿದರೆ ಗಾಳಿ ಉಳಿಸುವುದಿಲ್ಲ. ಹಾಗಾಗಿ ರೈತರು ಬಳ್ಳಿಯನ್ನು ನೆಲದ ಮೇಲೇ ಸುತ್ತುತ್ತಾರೆ. ಪ್ರತಿ ವರ್ಷ ಕತ್ತರಿಸುವಾಗ ಒಂದೆರಡು ಉದ್ದ ಕಡ್ಡಿ ಉಳಿಸಿಕೊಂಡು ಹಳೆಯದರ ಮೇಲೆ ಹೆಣೆಯುತ್ತಾ ಹೋಗುತ್ತಾರೆ, ಹೂವಾಡಗಿತ್ತಿ ಬುಟ್ಟಿಯಲ್ಲಿ ಮಾಲೆ ಸುತ್ತಿಡುವ ಹಾಗೆ. ಹೀಗೆ ಹೆಣೆದ ಬಳ್ಳಿಯ ಬುಟ್ಟಿಗೆ ಅಲ್ಲಿ ಕುಲೂರಾ ಅನ್ನುತ್ತಾರೆ. ಗೊಂಚಲು ಒಳಗೆ, ಎಲೆ ಮೇಲೆ. ಗಾಳಿ ಹೊಡೆಯುವುದಿಲ್ಲ, ಮರಳು ಹಣ್ಣಿನ ಸಿಪ್ಪೆ ಕೆರೆಯುವುದಿಲ್ಲ, ಕಡಲಿಂದ ಬರುವ ಮಂಜಿನ ತೇವ ಮಾತ್ರ ಕೂರುತ್ತದೆ. ಬುಟ್ಟಿ ತೀರಾ ಹಳೆಯದಾದರೆ ಬುಡದಿಂದ ಕಡಿದುಬಿಡುತ್ತಾರೆ. ಅದೇ ಬೇರಿಂದ ಹೊಸ ಚಿಗುರು ಬರುತ್ತದೆ. ಅಂದರೆ ಬಳ್ಳಿ ಎಳೆಯದು, ಬೇರು ಮಾತ್ರ ಅಜ್ಜನ ಅಜ್ಜನ ಕಾಲದ್ದು.

ಆ ಬೇರು ಉಳಿದದ್ದೂ ಒಂದು ಕಥೆ. 19ನೇ ಶತಮಾನದಲ್ಲಿ ಫಿಲಾಕ್ಸೆರಾ ಅನ್ನೋ ಬೇರು ಹೇನು ಯುರೋಪಿನ ತೋಟಗಳನ್ನು ನುಂಗಿ ನೀರು ಕುಡಿಯಿತು. ಆಮೇಲೆ ಹೆಚ್ಚಿನವರು ಆ ಹೇನನ್ನು ತಡೆದುಕೊಳ್ಳುವ ಅಮೆರಿಕದ ಬೇರಿಗೆ ಕಸಿ ಕಟ್ಟತೊಡಗಿದರು. ನಮ್ಮ ವಿಜಯಪುರದ ದ್ರಾಕ್ಷಿ ತೋಟಗಳಲ್ಲೂ ಡಾಗ್‌ರಿಡ್ಜ್ ಬೇರಿಗೆ ಕಸಿ ಕಟ್ಟುತ್ತಾರಲ್ವಾ? ಅದೂ ಅಮೆರಿಕದ್ದೇ, ಆದರೆ ಇಲ್ಲಿ ಕಾರಣ ಉಪ್ಪು ಮಣ್ಣು, ನೀರಿನ ಕೊರತೆ. ಸ್ಯಾಂಟೊರಿನಿಯ ಮಣ್ಣಲ್ಲಿ ಜೇಡಿ ಇಲ್ಲವೇ ಇಲ್ಲ ಅನ್ನಬಹುದು. ಹಾಗಾಗಿ ಆ ಹೇನು ಅಲ್ಲಿ ಬದುಕಲಿಲ್ಲ, ಬಳ್ಳಿಗಳು ಇವತ್ತಿಗೂ ಸ್ವಂತ ಬೇರಿನ ಮೇಲೇ ಇವೆ.

ಈಗ ಹುಳಿಯ ವಿಷಯ. ಬಿಸಿಲಿನ ಊರಲ್ಲಿ ದ್ರಾಕ್ಷಿ ಮಾಗುತ್ತಾ ಸಿಹಿ ಏರುತ್ತದೆ, ಹುಳಿ ಇಳಿಯುತ್ತದೆ, ವೈನ್ ಸಪ್ಪೆಯಾಗುತ್ತದೆ. ಅಸೀರ್ತಿಕೊ ಹಾಗಲ್ಲ. ಆಲ್ಕೋಹಾಲ್ 13-14 ಪರ್ಸೆಂಟ್‌ಗೆ ಹೋಗುವಷ್ಟು ಮಾಗಿದರೂ ಹುಳಿ ಬಿಟ್ಟುಕೊಡುವುದಿಲ್ಲ. ತಳಿಯ ಗುಣ ಒಂದು ಕಡೆ. ಮಣ್ಣಲ್ಲಿ ಪೊಟ್ಯಾಸಿಯಂ ಕಡಿಮೆ ಅನ್ನುವುದು ಇನ್ನೊಂದು: ಹಣ್ಣಿಗೆ ಪೊಟ್ಯಾಸಿಯಂ ಜಾಸ್ತಿ ಸೇರಿದರೆ ಅದು ಹುಳಿಯನ್ನು ಮುರಿಯುತ್ತದೆ.

ಹೂವಿನ ಪರಿಮಳ ಹುಡುಕಬೇಡಿ, ಸಿಗಲ್ಲ. ನಿಂಬೆ ಸಿಪ್ಪೆ, ಒದ್ದೆ ಕಲ್ಲು, ಕೊನೆಗೆ ನಾಲಿಗೆ ಅಂಚಲ್ಲಿ ಉಪ್ಪಿನ ಹಾಗೆ ಏನೋ. ಇದೇ ಹಣ್ಣನ್ನು ಬಿಸಿಲಲ್ಲಿ ಒಣಗಿಸಿ ವಿನ್‌ಸ್ಯಾಂಟೊ ಅನ್ನೋ ಕಂದು ಬಣ್ಣದ ಸಿಹಿ ವೈನ್ ಮಾಡುತ್ತಾರೆ. ಒಣದ್ರಾಕ್ಷಿ, ಅಂಜೂರದ ರುಚಿ, ಆದರೂ ಬಾಯಿಗೆ ಕಟ್ಟುವುದಿಲ್ಲ, ಹುಳಿ ಇದೆಯಲ್ಲ! ನನ್ನ ಕೇಳಿದರೆ ಅದೇ ಮೇಲು.

ಬಳ್ಳಿ ಈಗ ಆಸ್ಟ್ರೇಲಿಯಾಕ್ಕೂ ಹೋಗಿದೆ. ಕ್ಲೇರ್ ವ್ಯಾಲಿಯ ಜಿಮ್ ಬ್ಯಾರಿ ವೈನರಿಯವರು ಅಲ್ಲಿ ನೆಟ್ಟು ವೈನ್ ಮಾಡುತ್ತಿದ್ದಾರೆ. ಆದರೆ ತವರಾದ ಸ್ಯಾಂಟೊರಿನಿಯಲ್ಲಿ ತೋಟದ ಜಾಗ ಹೋಟೆಲ್, ವಿಲ್ಲಾಗಳ ಪಾಲಾಗುತ್ತಿದೆ.

ಸರಿ, ಈಗ ಗ್ಲಾಸ್ ಎತ್ತಿ. ಮೀನಿನ ತಟ್ಟೆ ಆ ಕಡೆಯಿಂದ ಬರುತ್ತಿದೆ, ವೆಜ್ ಇರುವವರಿಗೆ ಬದನೆಕಾಯಿ ಫ್ರೈ. ಖಾರ ಬೇಕಂತಲೇ ಕಡಿಮೆ ಹಾಕಿಸಿದ್ದೇನೆ, ಇಷ್ಟು ಆಲ್ಕೋಹಾಲ್ ಇರುವ ವೈನ್ ಖಾರದ ಜೊತೆ ಸೇರಿದರೆ ಗಂಟಲು ಉರಿಯುತ್ತದೆ. ಮೊದಲು ಒಂದು ತುತ್ತು, ಆಮೇಲೆ ಒಂದು ಗುಟುಕು.